ಪರಸವ್ವ ನೋಡಿದಷ್ಟು

ವಿಜಾಪುರ
೭ ನವೆಂಬರ್ ೧೯೬೦

ದಶರಥಾ,

ನಿನ್ನೆ ನೀನಿಲ್ಲದ ಮೊದಲ ರವಿವಾರ. ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಮಾಳಿಗೆಯಲ್ಲಿ ಎಂದಿನಂತೆ ಚಾಪೆ ಹಾಸಿದೆವು. ಚುರಮುರಿಯ ಸುಸಲಾ ಬಂತು, ಚಹಾ ಬಂತು, ಕೆಳಗೆ ನಮ್ಮಪ್ಪ ಎಂದಿನಂತೆ ಕೆಮ್ಮಿದ. ಜಗಳ ಮಾತ್ರ ಸರಿಯಾಗಿ ಆಗಲಿಲ್ಲ. ಪುಸ್ತಕದ ಪರ ವಾದಿಸುವವನೇ ಬಬಲೇಶ್ವರದ ಸಾಲೆಗೆ ವರ್ಗವಾಗಿ ಹೋದ ಮೇಲೆ, ಸಿನೆಮಾದ ಪರವಾಗಿ ಅಂಬಾದಾಸ ಒಬ್ಬನೇ ಎಷ್ಟು ಹೊತ್ತು ಕೂಗಿಯಾನು? ರೇಡಿಯೋದ ಪರ ನಾನಿದ್ದೆನಾದರೂ ನನ್ನ ಮಾತನ್ನು ನೀವಿಬ್ಬರೂ ಯಾವಾಗ ಲೆಕ್ಕಕ್ಕೆ ಹಿಡಿದಿದ್ದೀರಿ!

ದಿಲ್ಲಿಗೆ ಹೋಗಿ ಬಂದ ನಮ್ಮ ಸೋದರಮಾವ ಒಂದು ಸುದ್ದಿ ತಂದಿದ್ದಾನೆ. ಅಲ್ಲಿ ಟೆಲಿವಿಜನ್ ಎಂಬ ಪೆಟ್ಟಿಗೆ ಬಂದಿದೆಯಂತೆ. ರೇಡಿಯೋದ ಹಾಗೆಯೇ, ಆದರೆ ಮಾತಾಡುವವನ ಮುಖವೂ ಕಾಣುತ್ತದಂತೆ. ಅಂಬಾದಾಸ ನಂಬಲಿಲ್ಲ. “ಮನ್ಯಾಗ ಒಬ್ಬನ ಕುಂತು ನೋಡಿದ್ರ ಸೀಟಿ ಹೊಡಿಯಾವ್ರು ಯಾರಲೇ? ಬಾಜೂದಾವ ನಕ್ಕಿದ್ದು ಕೇಳಿದ್ರನ ಅದು ಸಿನೆಮಾ” ಎಂದ. ಆಗ ಬಾಗಿಲ ಹಿಂದಿನಿಂದ ಕಾಶಿಬಾಯಿಯ ದನಿ ಬಂತು: “ಬರ್ಲಿ ಬಿಡ್ರಿ. ಪಡದೆ ಹಿಂದ ಹೆಂಗಸರ ಕಡೆ ಕುಂತು ಅರ್ಧಾ ನೋಡೂದರ ತಪ್ಪೀತು.” ಮದುವೆಯಾಗಿ ಮೂರು ವರ್ಷವಾದರೂ ನನ್ನ ಹೆಂಡತಿ ನಮ್ಮ ಮಾತಿನ ನಡುವೆ ಬಾಯಿ ಹಾಕಿದ್ದು ಇದೇ ಮೊದಲು. ನಾನು ಕಕ್ಕಾಬಿಕ್ಕಿಯಾದೆ. ಅಂಬಾದಾಸ ಬಿದ್ದು ಬಿದ್ದು ನಕ್ಕ.

ಇನ್ನೊಂದು ಸುದ್ದಿ. ಕಾಶಿಬಾಯಿಯ ತಂದೆ, ತಿಕೋಟಾದ ಹತ್ತಿ ವ್ಯಾಪಾರಿ ಶಿವಯೋಗೆಪ್ಪನವರು, ಈ ವರ್ಷ ಟೂರಿಂಗ್ ಟಾಕೀಜು ಕೊಂಡಿದ್ದಾರೆ. ಊರ ಹೊರಗೆ ಡೇರೆ ಹೊಡೆದಾಗಿದೆ. ಮಿಶಿನ್ ನಡೆಸಲು ಆಪರೇಟರ್ ಬೇಕಿತ್ತು. ಅಂಬಾದಾಸನ ಹೆಸರು ಹೇಳಿದೆ. “ಅವ ಯಾರ ಪೈಕಿ?” ಎಂದು ಮಾವ ಕೇಳಿದ. “ಮಿಶಿನ್ ಅದನ್ನ ಕೇಳಂಗಿಲ್ಲ ಬಿಡ್ರಿ” ಅಂದೆ. ಮಾವ ನಕ್ಕು ಒಪ್ಪಿದ. ಸಿನೆಮಾ ನೋಡಲು ಸಾಲೆ ತಪ್ಪಿಸುತ್ತಿದ್ದ ಅಂಬಾದಾಸನಿಗೆ ಈಗ ಸಿನೆಮಾ ನೋಡಲು ಪಗಾರ!

ಬೇಗ ಒಂದು ರವಿವಾರ ಬಾ. ಜಗಳವಿಲ್ಲದೆ ಚಹಾ ರುಚಿಸುತ್ತಿಲ್ಲ.

ನಿನ್ನ
ಅಮರಪ್ಪ


ಬಬಲೇಶ್ವರ
೪ ಡಿಸೆಂಬರ್ ೧೯೬೦

ಅಮರಾ,

ಇಲ್ಲಿಯೂ ಇಂದು ರವಿವಾರವೇ, ಆದರೆ ಅದು ಯಾರಿಗೂ ಗೊತ್ತಾದಂತಿಲ್ಲ. ಹೆಡ್‌ಮಾಸ್ತರ ಗುರುಪಾದಯ್ಯನವರು ಮುಂಜಾನೆ ಬಂದು ನನ್ನ ಕೈಯಲ್ಲಿ ಕಾದಂಬರಿ ಕಂಡು, “ಮಾಸ್ತರ, ಇದನ್ನ ಓದಿದ್ರ ಕಣ್ಣು ಹೋಗ್ತಾವ, ಬುದ್ಧಿ ಬರೂದಿಲ್ಲ” ಎಂದು ಹೇಳಿ ಹೋದರು. ಒಳ್ಳೆಯ ಮನುಷ್ಯ. ಜನಗಣತಿಯ ತರಬೇತಿಗೆ ನನ್ನ ಹೆಸರನ್ನೇ ಮೊದಲು ಬರೆದಿದ್ದಾರೆ. ಹೀಗಾಗಿ ಫೆಬ್ರುವರಿ ಮುಗಿಯುವ ತನಕ ನಿಮ್ಮ ಮಾಳಿಗೆಗೆ ನಾನು ದೂರ.

ಕಾದಂಬರಿಯ ಬಗ್ಗೆ ನಿನಗೆ ಬರೆಯಲೇಬೇಕು. ನಾಯಕಿಯ ಮೋರೆ ಹೇಗಿದೆಯೆಂದು ಲೇಖಕ ಒಂದು ಕಡೆಗೂ ಹೇಳುವುದಿಲ್ಲ. ಅರ್ಧ ಓದಿದ ಮೇಲೆ ನೋಡುತ್ತೇನೆ, ನಾನು ಅವಳಿಗೆ ನನ್ನ ತಂಗಿಯ ಮೋರೆ ಕೊಟ್ಟುಬಿಟ್ಟಿದ್ದೇನೆ. ನಿಮ್ಮ ಸಿನೆಮಾದಲ್ಲಿ ಇದು ಸಾಧ್ಯವೇ? ಅಂಬಾದಾಸನಿಗೆ ಕೇಳು.

ತಂಗಿಯ ಮಾತು ಬಂತು. ಪರಸವ್ವ ಇನ್ನೂ ಒಂದೂ ಸಿನೆಮಾ ನೋಡಿಲ್ಲ. ನಿಮ್ಮ ಮಾಳಿಗೆಯಿಂದ ತಿಕೋಟಾಕ್ಕೆ ಹೋದಾಗಲೆಲ್ಲ ನಾನು ಹೇಳಿದ ಕತೆಗಳನ್ನೇ ಕೇಳಿ, ಕೇರಿಯ ಹುಡುಗಿಯರಿಗೆ ತಾನೇ ನೋಡಿ ಬಂದವಳಂತೆ ಹೇಳುತ್ತಾಳೆ. ಹಾಡನ್ನೂ ತಾನೇ ಕಟ್ಟಿ ಹಾಡುತ್ತಾಳೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಹುಡುಗಿ. ಯುಗಾದಿಯ ನಂತರ ಮದುವೆ ಗೊತ್ತುಮಾಡಬೇಕೆಂದು ಅವ್ವ ಅವಸರ ಮಾಡುತ್ತಿದ್ದಾಳೆ. ಅಷ್ಟರೊಳಗೆ ಅವಳು ಒಂದು ಸಿನೆಮಾ ನೋಡಲಿ ಎಂದು ನನ್ನ ಆಸೆ. ಈಗ ಡೇರೆ ನಮ್ಮೂರಲ್ಲೇ ಇದೆ, ಮಿಶಿನ್ ನಮ್ಮವನ ಕೈಯಲ್ಲೇ ಇದೆ. ಆದರೆ ಅವ್ವ ಒಪ್ಪುವುದಿಲ್ಲ. “ಬಯಲಾಗ, ಕತ್ತಲದಾಗ, ಗಂಡಸರು ಸೀಟಿ ಹೊಡಿಯೂದರಾಗ ನನ್ನ ಮಗಳನ್ನ ಕಳಸಂಗಿಲ್ಲ” ಎನ್ನುತ್ತಾಳೆ.

ಕಾಶಿಬಾಯಿಯವರು ತವರಿಗೆ ಬಂದಾಗ ಜೊತೆಗೆ ಕರೆದುಕೊಂಡು ಹೋದರೆ ಅವ್ವ ಇಲ್ಲವೆನ್ನಲಾರಳು. ಕೇಳುವುದು ಸರಿಯೋ ತಪ್ಪೋ ತಿಳಿಯದು. ಅವರಿಗೆ ಮುಜುಗರವಾಗುವುದಾದರೆ ಈ ಮಾತು ಮರೆತುಬಿಡು.

ನಿನ್ನ
ದಶರಥ


ತಿಕೋಟಾ
೧೫ ಜನವರಿ ೧೯೬೧

ಮಾಸ್ತರ ದಶರಥರಿಗೆ ಆಪರೇಟರ್ ಅಂಬಾದಾಸರ ಸಲಾಮು!

ಸಿನೆಮಾದ ಹಿಂದೆ ಕೂತು ನೋಡುವುದೇ ಬೇರೆ ಮಜಾ. ಮಂದಿ ಎಲ್ಲಿ ನಗುತ್ತದೆ, ಎಲ್ಲಿ ಮೂಗು ಒರೆಸಿಕೊಳ್ಳುತ್ತದೆ ಎಂಬುದು ನನಗೆ ಮೊದಲೇ ಗೊತ್ತಿರುತ್ತದೆ. ದೇವರು ಹೀಗೇ ಕೂತಿರಬೇಕು. ಈಗ ನಾವು ಬೌದ್ಧರು, ದೇವರ ಮಾತು ಆಡಬಾರದು ಎಂದು ನೀನು ಬೈಯುತ್ತೀ. ಹೋಗಲಿ ಬಿಡು.

ಮಿಶಿನ್ ಮಾತ್ರ ಮುದಿ. ಒಳಗೆ ಕಾರ್ಬನ್ ಕಡ್ಡಿ ಉರಿಯುತ್ತದೆ, ಅದರ ಮುಂದೆ ಒಂದು ತಗಡಿನ ಮುಚ್ಚಳ. ರೀಲು ತುಂಡಾಗಿ ನಿಂತರೆ ಆ ಮುಚ್ಚಳ ತಾನಾಗಿ ಬಿದ್ದು ಬೆಂಕಿಯನ್ನು ತಡೆಯಬೇಕು. ಬೀಳುವುದಿಲ್ಲ. ನಾನೇ ಕೈಯಿಂದ ಹಾಕಬೇಕು. ಮಾಲಕರಿಗೆ ಹೇಳಿದೆ. ಶಿವಯೋಗೆಪ್ಪನವರು, “ಹಂಗಾಮ ಮುಗೀಲಿ, ಸೊಲ್ಲಾಪುರಕ್ಕ ಕಳಸೂಣು” ಎಂದರು. ಅವರಿಗೆ ಬೇರೆಯೇ ಚಿಂತೆ. ಹೆಂಗಸರ ಕಡೆಯ ಬಾಗಿಲಿನಿಂದ ಟಿಕೀಟಿಲ್ಲದೆ ನುಗ್ಗುವವರು ಹೆಚ್ಚಾಗಿದ್ದಾರೆಂದು ದಿನಾ ಒದರಾಡುತ್ತಾರೆ.

ಈಗ ಸಿಹಿ ಸುದ್ದಿ. ಹೊಸ ಚಿತ್ರ ಬರುತ್ತಿದೆ. ಹೊಸದು ನಮಗೆ, ರೀಲು ಹಳೆಯದೇ. ಒಬ್ಬ ಕುಂಬಾರನ ಮಗಳ ಕತೆ. ಕಾಶಿಬಾಯಿಯವರು ತವರಿಗೆ ಬಂದು ನಿಮ್ಮ ಮನೆಯ ತನಕ ತಾವೇ ನಡೆದು ಹೋಗಿ ಸಾವಂತ್ರವ್ವನ ಹತ್ತಿರ ಕೇಳಿದರಂತೆ. ನಿಮ್ಮವ್ವ ಏನು ಹೇಳಬೇಕು ತಿಳಿಯದೆ ಹೂಂ ಅಂದಳಂತೆ. ಫೆಬ್ರುವರಿ ಐದರ ರವಿವಾರ, ಮೊದಲ ಆಟ. ಅಮರ್ಯಾನೂ ಬರುತ್ತಾನೆ. ಪರಸವ್ವ ಈಗಿನಿಂದಲೇ ಸೀರೆ ಆರಿಸುತ್ತಿದ್ದಾಳೆ. ನೀನೊಬ್ಬ ಇಲ್ಲ. ಅಲ್ಲೇ ಕೂತು ಮಂದಿಯನ್ನು ಎಣಿಸು.

ಅಂಬಾದಾಸ


ವಿಜಾಪುರ
೨೦ ಫೆಬ್ರುವರಿ ೧೯೬೧

ದಶರಥಾ,

ಹೇಗೆ ಶುರುಮಾಡಬೇಕು ತಿಳಿಯುತ್ತಿಲ್ಲ. ಪರಸವ್ವನಿಗೆ ಮಣ್ಣು ಕೊಡುವಾಗ ನಾನು ನಿನ್ನ ಎದುರಿಗೇ ನಿಂತಿದ್ದೆ. ನೀನು ತಲೆ ಎತ್ತಲಿಲ್ಲ. ಮರುದಿನ ಬಂದರೆ ನೀನು ಬಬಲೇಶ್ವರಕ್ಕೆ ಹೊರಟು ಹೋಗಿದ್ದೆ.

ಡೇರೆ ಇಷ್ಟು ಬೇಗ ಉರಿಯಬಹುದೆಂದು ಯಾರೂ ಎಣಿಸಿರಲಿಲ್ಲ. ರೀಲಿಗೆ ಬೆಂಕಿ ಹತ್ತಿತು ಎನ್ನುವಷ್ಟರಲ್ಲಿ ಮೇಲಿನ ತಾಡಪತ್ರಿ ಹೊತ್ತಿಕೊಂಡಿತ್ತು. ಗಂಡಸರ ಕಡೆಯವರು ಓಡಿ ಪಾರಾದರು. ಹೆಂಗಸರ ಕಡೆ ಮೂವರು ಹೋದರು. ನಿನ್ನ ತಂಗಿ, ಬಿಜ್ಜರಗಿಯ ಇಬ್ಬರು. ಇದೆಲ್ಲ ನಿನಗೆ ಗೊತ್ತೇ ಇದೆ. ಯಾಕೆ ಬರೆಯುತ್ತಿದ್ದೇನೋ.

ಅಂಬಾದಾಸನ ಕೈಗಳಿಗೆ ಪಟ್ಟಿ ಕಟ್ಟಿದ್ದಾರೆ. ಉರಿಯುವ ರೀಲನ್ನು ಬರಿಗೈಯಿಂದ ಎಳೆದನಂತೆ. ಆಸ್ಪತ್ರೆಯಿಂದಲೇ ಪೊಲೀಸರು ಹಿಡಿದುಕೊಂಡು ಹೋದರು. ಮಿಶಿನ್ ಹತ್ತಿರ ಕೂತು ಬೀಡಿ ಸೇದುತ್ತಿದ್ದ, ಅದರಿಂದಲೇ ಆಯಿತು ಎಂದು ಅವರ ಮಾತು. ನನಗೂ ಖಚಿತವಾಗಿ ಗೊತ್ತಿಲ್ಲ. ಆ ಗದ್ದಲದಲ್ಲಿ, ಆ ಹೊಗೆಯಲ್ಲಿ, ಯಾರಿಗೆ ಏನು ಕಂಡೀತು?

ಕಾಶಿಬಾಯಿ ಹಾಸಿಗೆ ಬಿಟ್ಟು ಎದ್ದಿಲ್ಲ. ಅನ್ನದ ಮುಂದೆ ಕೂತು ತನ್ನ ಬಲಗೈಯನ್ನು ನೋಡುತ್ತಾಳೆ.

ಆಗಬಾರದ್ದು ಆಗಿಹೋಯಿತು. ಧೈರ್ಯ ತಂದುಕೋ. ಅವ್ವನನ್ನು ನೋಡಿಕೋ.

ಅಮರಪ್ಪ


ಬಬಲೇಶ್ವರ
೧೨ ಮಾರ್ಚ್ ೧೯೬೧

ಅಮರಾ,

ಜನಗಣತಿ ಮುಗಿಯಿತು. ಮಣ್ಣು ಕೊಟ್ಟು ಬಂದ ವಾರವೇ ಕೆಲಸಕ್ಕೆ ಇಳಿದೆ. ಗುರುಪಾದಯ್ಯನವರು ಬೇರೆಯವರನ್ನು ಹಾಕುತ್ತೇನೆಂದರು, ನಾನೇ ಬೇಡವೆಂದೆ. ಬಾಗಿಲಿಂದ ಬಾಗಿಲಿಗೆ ಹೋಗಿ, ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳುವ ಕೆಲಸ. ಒಬ್ಬ ಮುದುಕಿ, “ಹೋದ ತಿಂಗಳ ಇದ್ದೋರನ್ನ ಹಿಡಿಲ್ಯೋ ಬಿಡಲ್ಯೋ, ಮಾಸ್ತರ?” ಎಂದು ಕೇಳಿದಳು. ಬಿಡಬೇಕವ್ವಾ, ಎಂದೆ. ತಿಕೋಟಾದಲ್ಲಿ ನಮ್ಮ ಮನೆಗೆ ಬಂದ ಮಾಸ್ತರನಿಗೆ ಅವ್ವ, “ನಾನೂ ನನ್ನ ಮಗಳೂ” ಎಂದು ಬರೆಸಿದ್ದಾಳೆ. ಆತ ಹೊಸಬ, ಬರೆದುಕೊಂಡು ಹೋಗಿದ್ದಾನೆ. ಅದನ್ನು ತಿದ್ದಿಸಲು ನನಗೆ ಮನಸ್ಸಾಗಲಿಲ್ಲ.

ನಿನ್ನ ಪತ್ರವನ್ನು ಬಹಳ ಸಲ ಓದಿದೆ. ಬೀಡಿಯ ಮಾತು ನನಗೆ ಅರ್ಥವಾಗುತ್ತಿಲ್ಲ. ಎಷ್ಟು ರವಿವಾರ ನಿನ್ನ ಬಾಯಿಯಿಂದ ಸಿಗರೇಟು ಕಸಿದು ಅಂಬಾದಾಸ ಕಿಟಕಿಯಿಂದ ಎಸೆದಿಲ್ಲ? ಹೊಗೆಗೆ ಅವನ ಉಸಿರು ಕಟ್ಟುತ್ತದೆಂಬುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಪೊಲೀಸರಿಗೆ ಅದನ್ನು ಹೇಳಿದೆಯಾ?

ಇನ್ನೊಂದು ಮಾತು. ಮೂವರೂ ಹೆಂಗಸರ ಬಾಗಿಲ ಹತ್ತಿರವೇ ಸಿಕ್ಕರು. ಬಾಗಿಲ ತನಕ ಓಡಿ ಬಂದವರು ಹೊರಗೆ ಯಾಕೆ ಬರಲಿಲ್ಲ? ನೀನು ಅಲ್ಲಿದ್ದೆ. ಪರಸವ್ವ ಕಾಶಿಬಾಯಿಯವರ ಪಕ್ಕದಲ್ಲಿ ಕೂತಿದ್ದಳು. ಅವರು ಹೇಗೆ ಹೊರಗೆ ಬಂದರು?

ನಾನು ಯಾರ ಮೇಲೂ ತಪ್ಪು ಹೊರಿಸುತ್ತಿಲ್ಲ. ಸಿನೆಮಾಕ್ಕೆ ಕರೆದುಕೊಂಡು ಹೋಗು ಎಂದವನು ನಾನೇ. ನಡೆದದ್ದು ಏನು ಎಂಬುದಷ್ಟು ನನಗೆ ಬೇಕು.

ದಶರಥ


ವಿಜಾಪುರ
೧೬ ಏಪ್ರಿಲ್ ೧೯೬೧

ಪ್ರಿಯ ದಶರಥ,

ನಿನ್ನ ಪತ್ರ ಬಂತು. ನಮ್ಮ ಅಂಗಡಿಯ ಕೆಲಸದಲ್ಲಿ ಬರೆಯುವುದು ತಡವಾಯಿತು.

ಇಂದು ಮಾಳಿಗೆಯಲ್ಲಿ ಒಬ್ಬನೇ ಕೂತು ಧಾರವಾಡ ಕೇಂದ್ರದ ನಾಟಕ ಕೇಳಿದೆ. ಒಳ್ಳೆಯ ನಾಟಕ. ಬಾಗಿಲು ಕಿರ್ರೆನ್ನುವ ಸದ್ದು, ಮಳೆಯ ಸದ್ದು, ಎಲ್ಲ ನಿಜವೇ ಅನ್ನಿಸಿತು. ಮಳೆಯ ಸದ್ದನ್ನು ತಗಡಿನ ಮೇಲೆ ಜೋಳ ಸುರಿದು ಮಾಡುತ್ತಾರಂತೆ, ನಿನಗೆ ಗೊತ್ತೇ? ಪೇಟೆಯ ಥೇಟರಿಗೆ ಒಂದು ಹಿಂದಿ ಚಿತ್ರ ಬಂದಿದೆ, ಮಂದಿ ಮುಗಿಬಿದ್ದು ನೋಡುತ್ತಿದೆ. ನಾನು ಹೋಗಿಲ್ಲ. ಹಾಡುಗಳು ಚೆನ್ನಾಗಿವೆಯಂತೆ. ವಾಚನಾಲಯಕ್ಕೆ ಒಂದು ಪತ್ತೇದಾರಿ ಕಾದಂಬರಿ ಬಂದಿದೆ, ನಿನಗಾಗಿ ಹೇಳಿ ಇಡಿಸಿದ್ದೇನೆ. ಮಾವನ ಊರಲ್ಲಿ ಬಿಸಿಲು ವಿಪರೀತ. ಟೆಲಿವಿಜನ್ ನಮ್ಮ ಕಡೆಗೆ ಬರಬೇಕಾದರೆ ಇನ್ನೂ ಇಪ್ಪತ್ತು ವರ್ಷವಾದರೂ ಬೇಕು ಎಂದು ಸೋದರಮಾವ ಹೇಳುತ್ತಾನೆ.

ಕಾಶಿಬಾಯಿ ಈಗ ಎದ್ದು ಓಡಾಡುತ್ತಾಳೆ. ಚಹಾ ತಂದಿಟ್ಟು ಹೋಗುತ್ತಾಳೆ.

ಒಂದು ರವಿವಾರ ಬಾ. ಮೊದಲಿನಂತೆ ಕೂತು ಮಾತಾಡೋಣ.

ನಿನ್ನ
ಅಮರಪ್ಪ


ತಿಕೋಟಾ
೨೧ ಮೇ ೧೯೬೧

ಅಮರಪ್ಪಾ,

ನಾನು ಕೇಳಿದ್ದು ಬಾಗಿಲಿನ ಮಾತು. ನೀನು ಬರೆದದ್ದು ರೇಡಿಯೋದ ಬಾಗಿಲಿನ ಸದ್ದು.

ಸಾಲೆಯ ಬೇಸಿಗೆ ಸೂಟಿಗೆ ಊರಿಗೆ ಬಂದಿದ್ದೇನೆ. ನಮ್ಮ ಕೇರಿಯ ರುಕ್ಮವ್ವನ ನೆನಪು ನಿನಗೆ ಇರಬೇಕು, ಡೇರೆಯಲ್ಲಿ ಶೇಂಗಾ ಮಾರುತ್ತಿದ್ದವಳು. ಅವತ್ತು ಅವಳೂ ಹೆಂಗಸರ ಕಡೆಯೇ ಇದ್ದಳು. ಡೇರೆಯ ಬದಿಗೆ ಕಟ್ಟಿದ ಕನಾತಿನ ಬಟ್ಟೆಯ ಅಡಿಯಿಂದ ತೆವಳಿ ಹೊರಗೆ ಬಿದ್ದವಳು. ಬೆನ್ನು ಇನ್ನೂ ಮಾಯ್ದಿಲ್ಲ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ಬಾಗಲ ತಗೀರೋ ಅಂತ ಒದರಿದ್ವಿ ಯಪ್ಪಾ. ಎಲ್ಲಿ ತಗೀತಾರ? ತಂತಿ ಸುತ್ತಿ ಬಿಗದಿದ್ರು. ಹೊರಗಿದ್ದ ಆಳು ಇಕ್ಕಳ ಹುಡಕಾಕ ಓಡಿದ. ಅಂವಾ ಬರೂದ್ರಾಗ ಎಲ್ಲಾ ಮುಗದಿತ್ತು.”

“ತಂತಿ ಯಾಕ ಸುತ್ತಿದ್ರು?”

“ಪುಕ್ಕಟೆ ಮಂದಿ ಬರಬಾರದಂತ. ಆಟ ಸುರುವಾಗೂಕಿಂತ ಮೊದಲ ಮಾಲಕರ ನಿಂತು ಸುತ್ತಿಸಿದ್ರು. ನಾ ಕಣ್ಣಾರೆ ನೋಡೇನಿ. ನಿಮ್ಮ ಗೆಳ್ಯಾರು ಅಮರಪ್ಪನವರೂ ಅಲ್ಲೇ ನಿಂತಿದ್ರಲ್ಲ. ‘ಬ್ಯಾಡ್ರಿ ಮಾಮಾ, ಒಳಗ ಹೆಣ್ಮಕ್ಕಳದಾರ’ ಅಂತ ಅವರು ಒಂದ್ಸಲ ಅಂದ್ರು. ಮಾಲಕರು ಕೈ ಬೀಸಿದ್ರು. ಇವರು ಸುಮ್ಮಾದ್ರು.”

“ಪೊಲೀಸರಿಗೆ ಹೇಳಿದೇನು?”

“ಹೇಳಿದ್ನಿ. ‘ಹೊಗ್ಯಾಗ ನಿನಗೇನ್ ಕಂಡೀತು, ಸುಮ್ನಿರಬೇ’ ಅಂದ್ರು. ಬರಕೊಳ್ಳಲೇ ಇಲ್ಲ.”

ನಿನ್ನ ಪತ್ರದಲ್ಲಿಯೂ ಇದೇ ಮಾತು ಇತ್ತು, ಅಮರಪ್ಪಾ. ಹೊಗೆಯಲ್ಲಿ ಯಾರಿಗೆ ಏನು ಕಂಡೀತು.

ಮೊನ್ನೆ ಜೈಲಿಗೆ ಹೋಗಿ ಅಂಬಾದಾಸನನ್ನು ಕಂಡೆ. ಜಾಮೀನು ಸಿಕ್ಕಿಲ್ಲ. ಎರಡು ಕೈಗಳ ಬೆರಳುಗಳೂ ಒಂದಕ್ಕೊಂದು ಕೂಡಿಕೊಂಡಿವೆ. ನೀರಿನ ತಂಬಿಗೆಯನ್ನು ಮುಂಗೈಗಳ ನಡುವೆ ಹಿಡಿದು ಎತ್ತುತ್ತಾನೆ. “ರೀಲು ತುಂಡಾತು. ನಾ ಮುಚ್ಚಳ ಹಾಕೂದ್ರಾಗ ಹೊತ್ತಿತ್ತೋ ದಶ್ರಾ. ಪರಸಿನ್ನ ನಾ ಮ್ಯಾಲಿಂದ ನೋಡಿದ್ನಿ. ನಗಾಕತ್ತಿದ್ಲು” ಎಂದ. ಆಮೇಲೆ, “ಅಮರ್ಯಾ ಬಂದಿದ್ದನೇನು?” ಎಂದು ಕೇಳಿದ. ಇಲ್ಲವೆಂದೆ. “ಬರ್ತಾನ ಬಿಡು. ಅಂವಾ ಅಂಜುಬುರಕ, ಕೆಟ್ಟಾವ ಅಲ್ಲ” ಎಂದ.

ಅವನಷ್ಟು ದೊಡ್ಡ ಮನಸ್ಸು ನನ್ನದಲ್ಲ. ವಕೀಲ ಸಂಗಣ್ಣನವರು ಅವನ ಪರ ನಿಲ್ಲಲು ಒಪ್ಪಿದ್ದಾರೆ. ರುಕ್ಮವ್ವ ಸಾಕ್ಷಿ ಹೇಳುತ್ತಾಳೆ. ಆದರೆ ಅವಳೊಬ್ಬಳ ಮಾತನ್ನು ಕೋರ್ಟು ನಂಬಲಾರದು, ಮಾಲಕರ ಮನೆತನದವರು ಯಾರಾದರೂ ಬಂದು ಹೇಳಿದರೆ ಅದರ ತೂಕವೇ ಬೇರೆ ಎನ್ನುತ್ತಾರೆ ವಕೀಲರು. ಬಂದು ಹೇಳು. ಮಾವನ ವಿರುದ್ಧ ನೀನು ಏನನ್ನೂ ಕಟ್ಟಿ ಹೇಳಬೇಕಾಗಿಲ್ಲ. ಬಾಗಿಲಿಗೆ ತಂತಿ ಇತ್ತು, ಅಂಬಾದಾಸ ಬೀಡಿ ಸೇದುವುದಿಲ್ಲ, ಇವೆರಡೇ ಮಾತು.

ಅದನ್ನು ಹೇಳುವ ತನಕ ನನಗೆ ಸಿನೆಮಾದ ಬಗ್ಗೆ, ಪುಸ್ತಕದ ಬಗ್ಗೆ ಬರೆಯಬೇಡ.

ದಶರಥ


ವಿಜಾಪುರ
೯ ಜುಲೈ ೧೯೬೧

ದಶರಥ ಅಣ್ಣನವರಿಗೆ ಕಾಶಿಬಾಯಿಯ ನಮಸ್ಕಾರಗಳು.

ನಾನು ನಿಮಗೆ ಬರೆಯುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ನಿಮ್ಮ ಪತ್ರಕ್ಕೆ ನಮ್ಮವರು ಉತ್ತರ ಬರೆದಿಲ್ಲ. ಬರೆಯುವುದಿಲ್ಲ. ಓದಿ, ನಾನು ಕೂತಲ್ಲಿ ತಂದಿಟ್ಟು ಅಂಗಡಿಗೆ ಹೋದರು. ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಕೇಳಿಲ್ಲ. ನಾನು ಓದಿದೆ.

ನೀವು ಕೇಳಿದ್ದು, ಪಕ್ಕದಲ್ಲಿ ಕೂತವರು ಹೇಗೆ ಹೊರಗೆ ಬಂದರು ಎಂದು. ಹೇಳುತ್ತೇನೆ. ಪರಸವ್ವನನ್ನು ನನ್ನ ಚಾಪೆಯ ಮೇಲೆ ಕೂಡಿಸಿಕೊಂಡಿದ್ದೆ. ಹಿಂದೆ ಕೂತ ಹೆಂಗಸರು ಗೊಣಗಿದರು. ನಾನು ಲಕ್ಷ್ಯ ಕೊಡಲಿಲ್ಲ. ಬೆಂಕಿ ಕಂಡಕೂಡಲೇ ಎಲ್ಲರೂ ಬಾಗಿಲಿಗೆ ಓಡಿದೆವು. ಅವಳು ನನ್ನ ಕೈ ಹಿಡಿದಿದ್ದಳು. ಬಾಗಿಲು ತೆರೆಯಲಿಲ್ಲ. ಹಿಂದಿನಿಂದ ನೂಕಾಟ. ಅಷ್ಟರಲ್ಲಿ ನಮ್ಮವರು ಆಚೆ ಬದಿಯ ಕನಾತು ಹರಿದು ಒಳಗೆ ಬಂದು ನನ್ನ ಇನ್ನೊಂದು ಕೈ ಹಿಡಿದು ಎಳೆದರು. “ಈಕಿನೂ ಅದಾಳ್ರಿ” ಎಂದು ಕೂಗಿದೆ. ಅವರಿಗೆ ಕೇಳಿಸಿತೋ ಇಲ್ಲವೋ. ಜೋರಾಗಿ ಎಳೆದರು. ನನ್ನ ಬಲಗೈಯಿಂದ ಅವಳ ಕೈ ಜಾರಿತು. ಅವಳು ಬಿಟ್ಟಳೋ ನಾನು ಬಿಟ್ಟೆನೋ, ಅದನ್ನೇ ಯೋಚಿಸುತ್ತೇನೆ. ಹೊರಗೆ ಬಂದು ತಿರುಗಿ ನೋಡಿದರೆ ಮೇಲಿನ ತಾಡಪತ್ರಿ ಕೆಳಗೆ ಬಿದ್ದಿತ್ತು.

ಕೋರ್ಟಿನಲ್ಲಿ ನಾನು ಹೇಳುತ್ತೇನೆ. ಹೋದ ವಾರ ತಿಕೋಟಾಕ್ಕೆ ಹೋಗಿ ಅಪ್ಪನಿಗೂ ಹೇಳಿ ಬಂದೆ. ಕದ್ದು ಮಾಡುವ ಕೆಲಸವಲ್ಲ ಇದು. “ಹೆತ್ತಪ್ಪನ್ನ ಕೋರ್ಟಿಗೆ ಎಳೀತೀಯೇನಬೇ?” ಎಂದ. “ಪರಸವ್ವಗೂ ಒಬ್ಬಾಕಿ ಹಡದವ್ವ ಅದಾಳಪ್ಪಾ” ಅಂದೆ. “ಇವತ್ತಿಗೆ ನಿನ್ನ ಪಾಲಿಗೆ ಈ ಊರು ಇಲ್ಲ” ಎಂದು ಎದ್ದು ಒಳಗೆ ಹೋದ. ಅವ್ವ ಬಾಗಿಲ ತನಕವೂ ಬರಲಿಲ್ಲ.

ಸಾಕ್ಷಿಗಳಲ್ಲಿ ನನ್ನ ಹೆಸರು ಸೇರಿಸಲು ಸಂಗಣ್ಣ ವಕೀಲರಿಗೆ ತಿಳಿಸಬೇಕು.

ಸಾವಂತ್ರವ್ವನಿಗೆ ನನ್ನ ಮುಖ ತೋರಿಸುವ ಧೈರ್ಯ ನನಗಿಲ್ಲ. ಆ ದಿನ ಮಗಳನ್ನು ನನ್ನ ಕೈಗೆ ಕೊಡುವಾಗ, “ಕೈ ಬಿಡಬ್ಯಾಡವಾ” ಎಂದಿದ್ದಳು.

ಕಾಶಿಬಾಯಿ


ಸೊಲ್ಲಾಪುರ
೨೪ ಸೆಪ್ಟೆಂಬರ್ ೧೯೬೧

ದಶ್ರಾ,

ಅಕ್ಷರ ನನ್ನವಲ್ಲ. ಬಾಜೂಮನೆಯ ದರ್ಜಿ ಜಿಲಾನಿ ಭಾಯಿ ಬರೆಯುತ್ತಿದ್ದಾನೆ, ಕನ್ನಡ ಬಲ್ಲವನು. ನಾನು ಹೇಳುತ್ತ ಹೋಗುತ್ತೇನೆ.

ನಾನು ಬಿಡುಗಡೆಯಾದ ತಾರು ನಿನಗೆ ಮುಟ್ಟಿರಬೇಕು. ರಜೆ ಕೊಡಲಿಲ್ಲವೆಂದು ನೀನು ಕೊರಗಬೇಡ. ನೀನು ಅಲ್ಲಿಲ್ಲದ್ದೇ ಒಳ್ಳೆಯದಾಯಿತು. ತಂಗಿಯ ಹೆಸರನ್ನು ಅವರು ಎಷ್ಟು ಸಲ ಕೂಗಿದರೆಂದರೆ, ನನಗೇ ಕೇಳಲಾಗಲಿಲ್ಲ.

ರುಕ್ಮವ್ವ ತಾನು ಕಂಡದ್ದೆಲ್ಲ ಹೇಳಿದಳು. ಸರ್ಕಾರಿ ವಕೀಲ ಅವಳನ್ನು ನಗೆಪಾಟಲು ಮಾಡಿದ. ಆಮೇಲೆ ಕಾಶಿಬಾಯಿಯವರು ಬಂದರು. ತಲೆಯ ಮೇಲೆ ಸೆರಗು, ದನಿ ಸಣ್ಣದು, ಜಡ್ಜ್ ಸಾಹೇಬರು ಎರಡು ಸಲ ಜೋರಾಗಿ ಹೇಳಲು ಹೇಳಿದರು. ತಂತಿಯ ಮಾತು, ತಂದೆಯ ಮಾತು, ಮುಚ್ಚಳ ಕೆಟ್ಟಿದೆಯೆಂದು ನಾನು ಅವರ ಮನೆಯ ಪಡಸಾಲೆಗೆ ಹೋಗಿ ಹೇಳಿದ್ದು, ಒಂದನ್ನೂ ಬಿಡಲಿಲ್ಲ. ಎದುರಿಗೆ ಶಿವಯೋಗೆಪ್ಪನವರು ಕೂತಿದ್ದರು. ಅವರು ಮಗಳನ್ನು ನೋಡಲಿಲ್ಲ, ಮಗಳು ಅವರನ್ನೇ ನೋಡುತ್ತ ಹೇಳಿದಳು.

ಸರ್ಕಾರಿ ವಕೀಲ ಕೇಳಿದ: “ನಿಮ್ಮ ಗಂಡ ಬಂದು ಹೊರಗ ಎಳದಾರಂತೀರಿ. ಹಂಗಿದ್ರ ಅವರ ಬಂದು ಯಾಕ ಹೇಳವಲ್ರು?”

“ಅವರನ ಕೇಳ್ರಿ. ಹೊರಗ ಕಟ್ಟೀಮ್ಯಾಲೆ ಕುಂತಾರ” ಎಂದಳು.

ಕೋರ್ಟಿನ ಪಟ್ಟೇವಾಲಾ ಹೊರಗೆ ಹೋಗಿ ಅಮರ್ಯಾನ ಹೆಸರು ಹಿಡಿದು ಕೂಗಿದ. ಮತ್ತೂ ಕೂಗಿದ. ಒಳಗೆ ಬಂದು, “ಯಾರೂ ಇಲ್ರಿ ಸಾಹೇಬರ” ಎಂದ. ಆಗ ಕಾಶಿಬಾಯಿಯವರ ಮೋರೆ ನಾನು ನೋಡಬಾರದಿತ್ತು.

ನನ್ನನ್ನು ಬಿಟ್ಟರು. ಮಾಲಕರ ಮೇಲೆ ತಪಾಸಣೆ ಆಗಬೇಕೆಂದು ಸಾಹೇಬರು ಬರೆದಿದ್ದಾರೆ. ಇನ್ನೂ ಆಗಿಲ್ಲ. ಮಾಲಕರು ಹೊಸ ತಾಡಪತ್ರಿ ತರಿಸಿದ್ದಾರೆ, ಮಳೆ ಹಿಂದಾದ ಮೇಲೆ ಡೇರೆ ಬೇರೆ ಊರಿಗೆ ಹೋಗುತ್ತದೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದರು.

ಇಲ್ಲಿ ಅಕ್ಕನ ಮನೆಯಲ್ಲಿದ್ದೇನೆ. ಗಿರಣಿಯ ಗೇಟಿನ ಹತ್ತಿರ ಕಾವಲಿಗೆ ತಗೊಳ್ಳುತ್ತೇವೆಂದಿದ್ದಾರೆ. ಅದಕ್ಕೆ ಬೆರಳು ಬೇಕಾಗಿಲ್ಲವಂತೆ. ಓಣಿಯ ಹುಡುಗರು ಸಿನೆಮಾಕ್ಕೆ ಕರೆಯುತ್ತಾರೆ. ಕತ್ತಲಾಗಿ ದೀಪದ ಕಿರಣ ತಲೆಯ ಮೇಲಿಂದ ಹೊರಟಿತೆಂದರೆ ನನಗೆ ಸುಟ್ಟ ವಾಸನೆ ಬರುತ್ತದೆ. ಹೋಗುವುದಿಲ್ಲ.

ಅಂಬಾದಾಸ
(ಹೆಬ್ಬೆಟ್ಟೂ ಮೂಡುವುದಿಲ್ಲ)


ತಿಕೋಟಾ
೧೨ ನವೆಂಬರ್ ೧೯೬೧

ಅಂಬಾದಾಸಾ,

ದೀಪಾವಳಿಯ ಸೂಟಿಗೆ ಬಂದಿದ್ದೇನೆ. ಇಂದು ನಡೆದದ್ದನ್ನು ಇಂದೇ ನಿನಗೆ ಬರೆಯಬೇಕು ಅನ್ನಿಸಿತು. ಜಿಲಾನಿ ಭಾಯಿ ಇದನ್ನು ನಿನಗೆ ಓದಿ ಹೇಳಲಿ.

ಅಮರಪ್ಪನ ಕಾರ್ಡು ಬಂದಿತ್ತು. “ಒಂದು ರವಿವಾರ ಬಾ” ಎಂದಷ್ಟೇ ಇತ್ತು. ನಾನು ಉತ್ತರ ಬರೆದಿಲ್ಲ. ಅವನ ಮೇಲೆ ಸಿಟ್ಟು ಕಡಿಮೆಯಾಗಿದೆ. ಕಡಿಮೆಯಾದಲ್ಲಿ ಬೇರೆ ಏನೂ ಬಂದು ತುಂಬಿಲ್ಲ.

ಕಾಶಿಬಾಯಿಯ ಹೆಸರೆತ್ತಿದರೆ ಅವ್ವ ಇಷ್ಟು ದಿನ ಎದ್ದು ಹೋಗುತ್ತಿದ್ದಳು. “ಕೈ ಬಿಟ್ಟಾಕಿ” ಎನ್ನುತ್ತಿದ್ದಳು, ಹೆಸರು ಹೇಳುತ್ತಿರಲಿಲ್ಲ. ಕೋರ್ಟಿನ ಸುದ್ದಿ ರುಕ್ಮವ್ವ ಬಂದು ಹೇಳಿದಾಗಲೂ ಎದ್ದು ಹಿತ್ತಲಿಗೆ ಹೋದಳಂತೆ. ಹೋದ ವಾರ ರೊಟ್ಟಿ ಬಡಿಯುತ್ತಿದ್ದವಳು ಒಮ್ಮೆಲೇ, “ಅಕಿಗೆ ಬಾ ಅಂತ ಬರಿ” ಎಂದಳು. ಯಾರಿಗೆ ಎಂದು ನಾನು ಕೇಳಲಿಲ್ಲ.

ಇಂದು ಮುಂಜಾನೆಯ ಬಸ್ಸಿಗೆ ಕಾಶಿಬಾಯಿ ಒಬ್ಬಳೇ ಬಂದಳು. ಬಸ್ಸು ನಿಲ್ಲುವಲ್ಲಿಂದ ನಮ್ಮ ಕೇರಿಗೆ ಬರಬೇಕಾದರೆ ಅವಳ ತವರುಮನೆಯ ಮುಂದೆಯೇ ಬರಬೇಕು. ಬಾಗಿಲು ತೆರೆದಿತ್ತಂತೆ. ಇವಳನ್ನು ಕಂಡು ಯಾರೋ ಒಳಗಿನಿಂದ ಮುಚ್ಚಿದರಂತೆ. ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು ಒಳಗೆ ಬರಲು ಹಿಂದೆಮುಂದೆ ನೋಡಿದಳು. ಬುದ್ಧನ ಪಟದ ಕೆಳಗೆ ಕೂತಿದ್ದ ಅವ್ವ, “ಬಾ” ಎಂದು ಚಾಪೆ ಸರಿಸಿದಳು. ನೀರು ಕೊಟ್ಟಳು. ಕಾಶಿಬಾಯಿ ಕುಡಿದಳು.

ಅವ್ವ ಬೈಯುತ್ತಾಳೆಂದು ನಾನು ತಿಳಿದಿದ್ದೆ. ಇಲ್ಲವೇ ಇಬ್ಬರೂ ಅಳುತ್ತಾರೆಂದು. ಅವ್ವ ಕೇಳಿದ್ದೇ ಬೇರೆ.

“ನನ್ನ ಮಗಳು ಏನೇನ್ ನೋಡಿದ್ಲು, ಅದನ್ನ ಹೇಳಬೇ. ನಾ ಸಿನೆಮಾ ನೋಡಿದಾಕಿ ಅಲ್ಲ.”

ಕಾಶಿಬಾಯಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ತಡೆದು ತಡೆದು ಹೇಳತೊಡಗಿದಳು. ಒಂದು ಊರು. ಒಬ್ಬ ಕುಂಬಾರ. ಅವನ ಮಗಳು ತಿಗರಿ ತಿರುಗಿಸುತ್ತ ಹಾಡುತ್ತಾಳೆ. “ಅಲ್ಲಿ ಪರಸವ್ವ ನನ್ನ ತೊಡಿ ಚಿವುಟಿದ್ಲು, ‘ನೋಡ್ರಿ ಅಕ್ಕಾರ, ಗ್ವಾಡಿ ಮ್ಯಾಲಿನ ಹಲ್ಲಿನೂ ಕಾಣತೈತಿ’ ಅಂತ.” ಅವ್ವ ಹೂಂ ಎಂದಳು. ರಾಜನ ಸೇನಾಪತಿ ಬರುತ್ತಾನೆ, ದಪ್ಪ ಹೊಟ್ಟೆಯವನು. ಹಸಿ ಮಡಕೆಗಳ ಮೇಲೆ ಕೂತು ಅಂಟಿಕೊಳ್ಳುತ್ತಾನೆ. “ಭಾಳ ನಕ್ಕಳೇನು?” ಎಂದಳು ಅವ್ವ. “ಉಸಿರ ಹಿಡೀಲಾರದಂಗ ನಕ್ಕಳ್ರಿ. ಹಿಂದಿನಾಕಿ ಬೈದ್ಲು. ಆದ್ರೂ ನಗೂದ ಬಿಡಲಿಲ್ಲ.” ರಾಜನ ಆನೆ ಸಿಡಿದೇಳುತ್ತದೆ, ಕುಂಬಾರ ಹುಡುಗಿ ಅದರ ಮುಂದೆ ಹೋಗಿ ನಿಲ್ಲುತ್ತಾಳೆ. ಪರಸವ್ವ ಕಣ್ಣು ಮುಚ್ಚಿಕೊಂಡು, ಬೆರಳ ಸಂದಿಯಿಂದ ನೋಡಿದಳಂತೆ. ಮಧ್ಯಂತರದಲ್ಲಿ ಶೇಂಗಾ ತಿಂದರು. ಮುಂದಿನ ಕತೆ ಏನಾಗಬಹುದೆಂದು ಪರಸವ್ವ ತಾನೇ ಕಟ್ಟಿ ಹೇಳಿದಳಂತೆ. ಆಮೇಲೆ ಹುಡುಗಿಯನ್ನು ಅರಮನೆಗೆ ಒಯ್ಯುತ್ತಾರೆ. ಅವಳು ಮೆಟ್ಟಿಲ ಮೇಲೆ ನಿಂತು ಹಿಂದಿರುಗಿ ಅಪ್ಪನನ್ನು ನೋಡುತ್ತಾಳೆ.

ಅಲ್ಲಿಗೆ ಕಾಶಿಬಾಯಿ ನಿಲ್ಲಿಸಿದಳು. ಮುಂದೆ ಹೇಳಲು ಅವಳಿಗೂ ಏನೂ ಗೊತ್ತಿರಲಿಲ್ಲ. ಅವ್ವನ ಕಣ್ಣು ಇನ್ನೂ ಅವಳ ಮೋರೆಯ ಮೇಲೆಯೇ ಇತ್ತು. ಕಾಶಿಬಾಯಿ ನನ್ನ ಕಡೆ ನೋಡಿ, “ಕಡೀಕ ಆ ಹುಡಿಗಿ ಏನಾದ್ಲು ಅನ್ನೂದು ಅಂಬಾದಾಸ ಅಣ್ಣಾರಿಗೆ ಗೊತ್ತಿರತೈತಿ. ಪತ್ರಾ ಬರದು ಕೇಳ್ತೀವಿ ಯವ್ವಾ” ಎಂದಳು.

ಅವ್ವ ಅವಳ ಬಲಗೈಯನ್ನು ಎತ್ತಿಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

“ಬ್ಯಾಡ. ನನ್ನ ಮಗಳು ಎಲ್ಲಿತನಾ ನೋಡ್ಯಾಳೋ, ನನಗೂ ಅಲ್ಲಿತನಾ ಸಾಕು” ಎಂದಳು.

ನೀನೂ ಬರೆಯಬೇಡ, ಅಂಬಾದಾಸಾ.

ನಿನ್ನ
ದಶರಥ